ಎಡಕ್ಕೆ ಅರ್ಧ ಇಂಚು

ಗುರುಬಾಯಿ ಮಾವಶಿಯ ಮಷೀನು ಒಯ್ದವನು
ಕಬ್ಬಿಣದ ತೂಕಕ್ಕೆ ದುಡ್ಡು ಎಣಿಸಿಕೊಟ್ಟ,
ಕಾಗದ ತನಗೆ ಬೇಡವೆಂದ.
ಹಾಗಾಗಿ ಇದು ನನ್ನ ಪಾಲಿಗೆ ಬಂತು:
ಹಳೇ ಸೊಲ್ಲಾಪುರಿ ಚಾದರಿನಲ್ಲಿ ಕಟ್ಟಿದ ಗಂಟು.
ಬಿಚ್ಚಿದರೆ, ಬಾಳಿವೇಸಿನ ಹುಡುಗಿಯರೆಲ್ಲ
ಒಬ್ಬರ ಮೇಲೊಬ್ಬರು ಚಪ್ಪಟೆ ಮಲಗಿದ್ದಾರೆ.

ಗಿರಣಿಯ ಥಾನು ಸುತ್ತಿ ಬಂದ ಖಾಕಿ ಕಾಗದ,
ಕೆಲವು ಮರಾಠಿ ಪೇಪರು.
ಒಂದು ತೋಳಿನ ಮೇಲೆ ಹತ್ತಿಯ ಧಾರಣೆ,
ಒಂದು ಕಾಲರಿನ ಸುತ್ತ
ಕಳೆದುಹೋದ ಎಮ್ಮೆಯ ಅರ್ಧ ಜಾಹೀರಾತು.
ಮೂಲೆಗೊಂದು ತೂತು, ತೂತಿಗೆ ಸುತಳಿ,
ನಾಲಗೆಗೆ ತಾಗಿಸಿ ಬರೆಯುವ ಆ ನೀಲಿ ಪೆನ್ಸಿಲು—
ಹಬ್ಬ ಬಂದರೆ ಅವಳ ತುಟಿಯೂ ನೀಲಿ.
ಅಂಕಿ ಮರಾಠಿಯಲ್ಲಿ, ಉಳಿದ ಮಾತು ಕನ್ನಡದಲ್ಲಿ:

‘ಪುತಳಾ. ಎದೆ ೨೨, ಉದ್ದ ೧೮. ಜಾಸ್ತಿ ಬಿಡು, ಬೆಳೀತಾಳ.’
‘ಝುಬೇದಾ. ಪಫ್ ಬೇಕಂತಾಳ, ಅವರಪ್ಪ ಒಪ್ಪಂಗಿಲ್ಲ. ಸಣ್ಣ ಪಫ್.’
‘ಅನಸೂಯಾ ಗಡ್ಡಂ. ಜೇಬು ಎರಡು.’

ಆ ಎರಡು ಜೇಬು ನನಗೆ ನೆನಪಿದೆ.
ಒಂದರಲ್ಲಿ ಶೇಂಗಾ, ಇನ್ನೊಂದರಲ್ಲಿ ಸಿಪ್ಪೆ,
ಮಗ್ಗಿ ಹೇಳುವಾಗ ನಡುನಡುವೆ ಟಪ್ ಎನ್ನುವ ಸದ್ದು.
ಪುತಳಾ ಬೆಳೆದಳು. ವರ್ಷಕ್ಕೊಂದು ಮಡಿಕೆ ಬಿಚ್ಚಿ
ಮಂಡಿಯ ಸುತ್ತ ಮಾಸದ ಬಣ್ಣದ ಪಟ್ಟಿ;
ಯಾವ ವರ್ಷ ಎಷ್ಟು ಎತ್ತರವಾದಳೆಂದು
ಓಣಿಗೆಲ್ಲ ಗೊತ್ತಿತ್ತು.

ನನ್ನವು ತಳದಲ್ಲಿದ್ದವು, ಬೇರೆಯಾಗಿ,
ಸುರುಳಿ ಸುತ್ತಿ, ಅರಿವೆಯ ಅಂಚು ಕಟ್ಟಿ.
‘ಶಿವಗಂಗಾ’, ಏಳನೇ ವರ್ಷದಿಂದ ಹನ್ನೊಂದರ ತನಕ
ಐದು ಕಾಗದ.
ಬೇರೆ ಹುಡುಗಿಯರಿಗೆ ಅರ್ಧ ಬೆನ್ನು ಸಾಕಾಗಿತ್ತು,
ಬಟ್ಟೆ ಮಡಚಿ ಕತ್ತರಿಸಿದರೆ ಇನ್ನರ್ಧ ತಾನೇ ಬರುತ್ತದೆ.
ನನಗೆ ಮಾತ್ರ ಇಡೀ ಬೆನ್ನು, ಇಡೀ ಎದೆ.
ಅಕ್ಕರೆ ಅಂದುಕೊಂಡೆ, ಸುಳ್ಳೇಕೆ ಹೇಳಲಿ,
ಒಂದು ಗಳಿಗೆ ಬೀಗಿದೆ ಕೂಡ.

ಆಮೇಲೆ ಕಾಗದವನ್ನು ನಡುವಿಗೆ ಮಡಚಿ ನೋಡಿದೆ.
ಅಂಚಿಗೆ ಅಂಚು ಕೂಡಲಿಲ್ಲ.
ಕಂಕುಳ ಹತ್ತಿರ, ಇರುವೆಯಂಥ ಅಕ್ಷರದಲ್ಲಿ:
‘ಎಡ ಹೆಗಲು ಅರ್ಧ ಇಂಚು ಕೆಳಗ.
ಝಾಲರು ದಪ್ಪ ಇಡು.
ಹುಡುಗಿಗೆ ಹೇಳಬ್ಯಾಡ.’

ಯಾರಿಗೆ ಬರೆದದ್ದು ಇದು?
ಕಾಜಾ ಮಾಡುತ್ತಿದ್ದ ರಖಮಾಳಿಗೋ,
ಮಾತು ತಡೆಯಲಾಗದ ತನ್ನ ಬಾಯಿಗೋ?
ಆ ಝಾಲರು ತೋರಿಸಿ ಎಷ್ಟು ಮೆರೆದಿದ್ದೆ ನಾನು!
ಶಾಲೆಯ ಫೋಟೋದಲ್ಲಿ ಮುಂದಿನ ಸಾಲು,
ಹೆಗಲ ಮೇಲೆ ಪಾರಿವಾಳ ಕೂತ ಹಾಗೆ.

ಅರವತ್ತೆರಡು ನನಗೀಗ.
ಸೆರಗು ಜಾರಿದಾಗೆಲ್ಲ ಸೀರೆಯನ್ನು ಬೈದೆ,
ಬ್ಯಾಗು ಜಾರಿದರೆ ಬ್ಯಾಗನ್ನು.
ನಲವತ್ತು ವರ್ಷ ಒಂದೇ ಹಾಸಿಗೆಯಲ್ಲಿದ್ದವರು
ಗಮನಿಸಲಿಲ್ಲವೋ, ಗಮನಿಸಿ ಸುಮ್ಮನಿದ್ದರೋ,
ಕೇಳೋಣವೆಂದರೆ ಅವರಿಲ್ಲ.
ಕನ್ನಡಿಯ ಮುಂದೆ ರವಿಕೆಯಲ್ಲಿ ನಿಂತೆ.
ಹೌದು. ಇದೆ.
ಮಾವಶಿಯ ಮೇಲೆ ಸಿಟ್ಟು ಬಂತು, ತುಸುವೇ.
ಫಿಟಿಂಗ್ ಹೊತ್ತಿನಲ್ಲಿ ಗುಂಡುಪಿನ್ನು ಬಾಯಲ್ಲಿ ಕಚ್ಚಿ
‘ಅಲುಗಬ್ಯಾಡ, ನೆಟ್ಟಗ ನಿಲ್ಲು’ ಅನ್ನುತ್ತಿದ್ದವಳು;
ನಾನು ನೆಟ್ಟಗೇ ನಿಂತಿದ್ದೆ.

ಮತ್ತೆ ಸುತ್ತಿಡಲು ಹೋದರೆ
ಕಾಗದ ಸುರುಳಿಯಾಗಲು ಒಲ್ಲದು.
ಐವತ್ತೈದು ವರ್ಷ ಅವಳು
ಒಂದು ಗೆರೆ ಬೀಳದಂತೆ ಇಟ್ಟದ್ದನ್ನು
ನಡುವಿಗೆ ಮಡಚಿದವಳು ನಾನೇ.