ಸೊಂಟದಳತೆ

ಡಿಸೆಂಬರ್ ಮೂವತ್ತಕ್ಕೆ ರಿಯೊಬಾಂಬಾದಲ್ಲಿ
ಮನೆಮನೆಯೂ ಒಬ್ಬ ಮುದುಕನನ್ನು ತುಂಬಿಸುತ್ತದೆ.
ಹಳೆ ಪ್ಯಾಂಟು, ಹಳೆ ಅಂಗಿ, ಗರಗಸದ ಹುಡಿ,
ಸಂತೆಯಲ್ಲಿ ಸಿಗುವ ರಟ್ಟಿನ ಮುಖ, ಬಿಳಿಮೀಸೆಯದು.
ಹೆಸರು: ಹಳೇ ವರ್ಷ. ಆಯುಸ್ಸು: ಒಂದೂವರೆ ದಿನ.

ಆ ಸಲ ನಮ್ಮ ಬೀದಿಗೆ ಬಟ್ಟೆ ಕೊಟ್ಟವಳು ಸೋಯ್ಲಾ,
ದರ್ಜಿ ಅಬ್ದೋನನ ಹೆಂಡತಿ. ಮಾರ್ಚಿನಲ್ಲಿ ಹೋಗಿದ್ದ ಆತ.
ಬೂದು ಪ್ಯಾಂಟು, ತಾನೇ ಕತ್ತರಿಸಿ ತಾನೇ ಹೊಲಿದದ್ದು,
ಜೇಬಿನಲ್ಲಿ ಸವೆದ ಸೀಮೆಸುಣ್ಣ.
"ತೊಗೊಳ್ಳಿ," ಅಂದಳು. ಆಮೇಲೆ "ತಡೀರಿ" ಅಂದಳು.
ಹುಡಿಯ ಚೀಲ ತನ್ನ ಕಡೆಗೆ ಎಳೆದುಕೊಂಡಳು.

ನಾವು ಮಕ್ಕಳು ಸುತ್ತ ಕುಕ್ಕರಗಾಲಲ್ಲಿ.
ಹಿಡಿ ಹಿಡಿ ತುಂಬುವುದು, ಗುದ್ದುವುದು,
ಟೇಪು ತಂದು ಸೊಂಟ ಸುತ್ತುವುದು.
ಮೂವತ್ತು. ಸಾಲದು.
ಮೂವತ್ತೆರಡು. ಸಾಲದು.
ಆಸ್ಪತ್ರೆಯಿಂದ ತಂದಾಗ ಇಪ್ಪತ್ತೆಂಟು ಇತ್ತಂತೆ,
ಅಮ್ಮ ಕಿವಿಯಲ್ಲಿ ಹೇಳಿದಳು; ಹೇಳಿ, ಸುಮ್ಮನಿರೆಂದು ಚಿವುಟಿದಳು.
ಮೂವತ್ತೆಂಟಕ್ಕೆ ಸೋಯ್ಲಾ ಕೈ ನಿಲ್ಲಿಸಿದಳು.
ಗುಂಡಿ ಹಾಕಿ ಹೊಟ್ಟೆಯ ಮೇಲೊಂದು ಸಣ್ಣ ಏಟು,
ಉಂಡೆದ್ದ ಗಂಡನಿಗೆ ಹೊಡೆಯುವಂಥದ್ದು.

ಮೂವತ್ತೊಂದರ ಸಂಜೆ ಗಂಡಸರು ವಿಧವೆಯರಾಗುತ್ತಾರೆ,
ಅದೂ ಪದ್ಧತಿ. ಬಲೂನಿನ ಎದೆ, ಲಿಪ್‌ಸ್ಟಿಕ್ಕು,
"ಅಯ್ಯೋ ನನ್ನ ಮುದುಕ ಹೊರಟನಲ್ಲಾ" ಎಂದು ರಸ್ತೆಗಡ್ಡ ಬಿದ್ದು
ಕಾರು ನಿಲ್ಲಿಸಿ ಕಾಸು ಕೇಳುವುದು.
ಬಸ್ ಡ್ರೈವರ್ ಫಾವುಸ್ತೊಗೆ ಕಪ್ಪು ಗೌನು ಬೇಕಿತ್ತು.
ಅವನ ಮೈಗೆ ಇಳಿಯುವಂಥದ್ದು ಬೀದಿಯಲ್ಲಿ ಒಂದೇ ಇತ್ತು.
ಬಾಗಿಲಲ್ಲಿ ಮಾತು ಬರದೆ ಕುತ್ತಿಗೆ ಕೆರೆದುಕೊಂಡ.
ಅವಳಿಗೇ ಅರ್ಥವಾಯಿತು. ಒಳಗೆ ಹೋಗಿ ಬಿಚ್ಚಿ ತಂದಳು,
ಒಂಬತ್ತು ತಿಂಗಳು ತೊಟ್ಟದ್ದನ್ನು.
ಹಳದಿ ಸ್ವೆಟರಿನಲ್ಲಿ ಹೊಸ್ತಿಲ ಮೇಲೆ ಕೂತಳು.

ನಾನು ಹಗ್ಗದ ಈ ತುದಿ ಹಿಡಿದಿದ್ದೆ.
ಎಂಥ ಅಳು ಅಳುತ್ತಿದ್ದ ಫಾವುಸ್ತೊ!
ಎದೆ ಬಡಿದುಕೊಂಡರೆ ಬಲೂನು ಕೀಚಲಿಡುತ್ತಿತ್ತು.
ಟ್ಯಾಕ್ಸಿಯವರು ನಕ್ಕು ನಾಣ್ಯ ಎಸೆದರು.
ಸೋಯ್ಲಾಳೂ ನಕ್ಕಳು, ಕಣ್ಣೊರೆಸಿಕೊಂಡಳು,
ನಕ್ಕರೂ ನೀರು ಬರುತ್ತದಲ್ಲ.
"ಇನ್ನೂ ಜೋರಾಗಿ ಅಳೋ," ಎಂದು ಕೂಗಿದಳು,
"ಆತನಿಗೆ ಎಡಗಿವಿ ಮಂದ!"

ಹನ್ನೆರಡಕ್ಕೆ ಐದು ನಿಮಿಷ. ಹಳೇ ವರ್ಷದ ಉಯಿಲು ಓದಿದರು:
ರಸ್ತೆಯ ಗುಂಡಿಗಳೆಲ್ಲ ಪುರಸಭೆಗೆ,
ಸಾಲದ ಚೀಟಿ ಅಂಗಡಿಯ ರೋಸೌರಾಗೆ, ಗೊರಕೆ ಪಾದ್ರಿಗೆ.
"ನನ್ನ ಹೆಂಡತಿಗೆ" ಎಂಬಲ್ಲಿ ಓದುವವನು ಕೆಮ್ಮಿ
ಹಾಳೆ ತಿರುವಿದ.

ಪೆಟ್ರೋಲು. ಕಡ್ಡಿ.
ಮೊದಲು ಮುಖ ಹೋಯಿತು; ಅದು ಸಂತೆಯದು, ಹೋಗಲಿ.
ಪ್ಯಾಂಟು ಹಟಮಾರಿ. ಎರಡೆರಡು ಹೊಲಿಗೆ ಹಾಕಿದ್ದನಲ್ಲ,
ಬಟ್ಟೆ ಉರಿದುಹೋದರೂ ಹೊಲಿಗೆಯ ಗೆರೆ ಕೆಂಪಗೆ
ಒಂದು ಗಳಿಗೆ ಕಾಲಿನ ಆಕಾರ ಹಿಡಿದೇ ಇತ್ತು.
ಹುಡುಗರು ಬೆಂಕಿ ಜಿಗಿದರು. ಗಂಟೆಗೊಂದರಂತೆ ದ್ರಾಕ್ಷಿ ತಿಂದೆವು.
ಸೋಯ್ಲಾಳ ಮುಷ್ಟಿಯಲ್ಲಿ ಹನ್ನೆರಡೂ ಹಾಗೇ ಬೆಚ್ಚಗಾದವು.

ಬೆಳಿಗ್ಗೆ ಬೀದಿಯಲ್ಲಿ ಮನೆಗೊಂದು ಕಪ್ಪು ಕಲೆ.
ಚಿಂಬೊರಾಸೊ ಏನೂ ನೋಡದವನಂತೆ ಬೆಳ್ಳಗೆ.
ಫಾವುಸ್ತೊ ಗೌನು ಮಡಚಿ ತಂದ: ಹೊಗೆ, ಬೆವರು, ಬಿಯರು,
ಕಂಕುಳಲ್ಲಿ ಗೇಣುದ್ದ ಹರಿದಿತ್ತು.
ಸೋಯ್ಲಾ ಬೆಳಕಿಗೆ ಹಿಡಿದು ನೋಡಿದಳು.
ಹೊಲಿಗೆ ಯಂತ್ರದ ಮುಸುಕು ತೆಗೆದು
ಚಕ್ರಕ್ಕೊಂದು ತೊಟ್ಟು ಎಣ್ಣೆ ಬಿಟ್ಟಳು.
"ಎರಡು ಡಾಲರು," ಅಂದಳು.
"ಮುಂದಿನ ವರ್ಷಕ್ಕೂ ಬೇಕಂದ್ರೆ ತೋಳು ಬಿಚ್ಚಿ ಅಗಲ ಮಾಡ್ತೀನಿ.
ನಿಲ್ಲು, ಅಳತೆ ಕೊಟ್ಟು ಹೋಗು."