ಬ್ರಾಸಿನ ಲೆಕ್ಕ

ಅಂಧೇರಿ ಸ್ಟೇಷನ್ನಿನ ಹೊರಗೆ ರಿಕ್ಷಾದವನಿಗೆ
ಮಹಾಕಾಳಿ ಅಂದರೆ
ಗುಡಿಗಾ, ಡಿಪೋಕ್ಕಾ, ಸೊಸೈಟಿಗಾ ಅಂದ.
ಗುಹೆಗೆ ಅಂದದ್ದಕ್ಕೆ
ಕನ್ನಡಿಯಲ್ಲಿ ಒಮ್ಮೆ ನಮ್ಮಿಬ್ಬರನ್ನೂ ನೋಡಿದ.

ರವಿವಾರ, ನನಗೆ ವಾರ್ಡಿನಿಂದ ರಜೆ.
ಕಲ್ಲು ನೋಡಲಿಕ್ಕೆ ಹೋಗೋಣ ಅಂದಿದ್ದೆ ಅಷ್ಟೇ.
"ನಲವತ್ತು ವರ್ಷ ನೋಡೇನಿ, ಸಾಲದೇನು"
ಗೊಣಗುತ್ತಲೇ ಅಪ್ಪ
ಇಸ್ತ್ರಿಯ ಅಂಗಿ ತೊಟ್ಟ.

ಗೇಟಿನ ವಹಿಯಲ್ಲಿ ಹೆಸರು ಬರೆದೆ: ಹುಲಿಗೆಪ್ಪ.
ಭೇಟಿಯ ಉದ್ದೇಶ?
"ತಪಾಸಣಿ ಅಂತ ಬರಿ," ಅಂದ.

ಒಳಗೆ ಹತ್ತೊಂಬತ್ತು ಗುಹೆ.
ಗೋಡೆಯಾಚೆ ಕ್ರಿಕೆಟ್ಟು, ಒಣಗುವ ಚಾದರ,
ಯಾವುದೋ ಟವರಿನ ಕ್ರೇನು
ಗುಡ್ಡದ ನೆತ್ತಿಯ ಮೇಲೆ ನೆರಳು ಎಳೆದುಕೊಂಡು ಹೋಗುತ್ತದೆ.
ಕಾಲೇಜಿನ ಜೋಡಿಯೊಂದು ನಮ್ಮನ್ನು ಕಂಡು
ಒಂದು ಕಂಬದಷ್ಟು ದೂರ ಸರಿದು ಕೂತಿತು.

ಅಪ್ಪ ಬುದ್ಧನನ್ನು ನೋಡಲಿಲ್ಲ.
ಜೇಬಿನಿಂದ ಎರಡು ರೂಪಾಯಿ ನಾಣ್ಯ ತೆಗೆದು
ಗೋಡೆಗೆ
ಟಕ್. ಟಕ್.
ಬಲಗಿವಿ ಆನಿಸಿದ.
ಎಡದ್ದು ಚಾಂದಿವಲಿಯ ಖಾಣದಲ್ಲಿ
ಎಂಬತ್ತೆರಡರ ಒಂದು ಸುರಂಗಕ್ಕೆ ಹೋಗಿದೆ.

"ಹೊಲಸು ಕಲ್ಲು.
ಖಿಚಡಿ. ಒಂದರಾಗ ಹತ್ತು ಜಾತಿ.
ಚಾಣ ನಿಲ್ಲಂಗಿಲ್ಲ ಇದರ ಮ್ಯಾಲೆ.
ಯಾವ ಮಬ್ಬ ಮೇಸ್ತ್ರಿ ಆರಿಸಿದನೊ!"
ಎರಡು ಸಾವಿರ ವರ್ಷದ ಮೇಲೆ
ಒಬ್ಬ ಮೇಸ್ತ್ರಿ ಬೈಸಿಕೊಂಡ.

ಆಮೇಲೆ ಬೆರಳು ಓದತೊಡಗಿತು.
ನನ್ನ ಹತ್ತನೇ ಇಯತ್ತೆಯ ಮಾರ್ಕ್‌ಶೀಟನ್ನೂ
ಅವನು ಹೀಗೇ ಸವರಿದ್ದ, ಆದರೆ ಓದಿರಲಿಲ್ಲ.
"ಇಂವ ಎಡಚ. ಗೀರು ಯಾ ಕಡೆ ವಾಲ್ಯಾವ ನೋಡು.
ಇಲ್ಲಿಂದ ಇಲ್ಲೀತನ ಒಂದು ಹಗಲು.
ಇಲ್ಲಿ ಬುತ್ತಿ ಬಿಚ್ಚ್ಯಾನ.
ಇದು ಬ್ಯಾರೆ ಕೈ, ಕಲಿಯೋ ಹುಡುಗ,
ಬಡಿದದ್ದು ಬಾಳ, ಕಳಚಿದ್ದು ಕಡಿಮಿ."

ಹಾಥ್ ಮತ್ ಲಗಾವೊ, ಕಾವಲಿನವ ಸೀಟಿ ಊದಿದ.
ಅಪ್ಪ ಕೈಯನ್ನು
ಕದ್ದ ಪೇರಲದ ಹಾಗೆ ಜೇಬಿಗಿಳಿಸಿದ.

ತುದಿಯಲ್ಲೊಂದು ಕೋಣೆ ಅರ್ಧಕ್ಕೇ ನಿಂತಿದೆ.
ದುಡ್ಡು ಮುಗಿದಿರಬೇಕು ಅಂದೆ.
ಅಪ್ಪ ಗದ್ದ ಎತ್ತಿ ಮೇಲೆ ತೋರಿಸಿದ:
ಸೂರಿನಲ್ಲಿ ಕೂದಲೆಳೆಯ ಸೀಳು.
"ಕಂಡು ಬಿಟ್ಟಾರ.
ಬಿಡೂದು ಗೊತ್ತಿತ್ತು ಅವರಿಗೆ."

ದೊಡ್ಡ ಗುಹೆಯೊಳಗೆ ದುಂಡನೆಯ ಇನ್ನೊಂದು ಗುಹೆ,
ಕಲ್ಲಿನದೇ ಜಾಲರಿ ಕಿಟಕಿ,
ಕತ್ತಲಲ್ಲಿ ಮಗುಚಿಟ್ಟ ಕೊಡದಂಥ ಸ್ತೂಪ.
ಇಲ್ಲಿ ಅವನು ಬೈಯಲಿಲ್ಲ.
ಹೆಜ್ಜೆಯಲ್ಲಿ ಉದ್ದ ಅಳೆದ, ಅಗಲ ಅಳೆದ,
ತುಟಿ ಅಲ್ಲಾಡುತ್ತಿತ್ತು. ಜಪವೆಂದುಕೊಂಡೆ.

"ಐವತ್ತು ಬ್ರಾಸು. ಹೆಚ್ಚಂದರ ಅರವತ್ತು.
ನಮಗ ಎರಡು ಸುರಂಗ, ಒಂದು ಮಧ್ಯಾಹ್ನ."
ತುಸು ಹೊತ್ತು ಬಿಟ್ಟು
"ಹೊರಗ ಬಂದ ಕಲ್ಲು ಎಲ್ಲಿ ಹೋತು?"

ನನಗೆ ಗೊತ್ತಿಲ್ಲ. ಫಲಕದ ಮೇಲೂ ಇರಲಿಲ್ಲ.

ಅಪ್ಪನ ಗುಡ್ಡದ ಜಾಗದಲ್ಲೀಗ
ಹಿಲ್ ವ್ಯೂ ಎಂಬ ಸೊಸೈಟಿಯಿದೆ.
ಆರನೆಯ ಮಹಡಿಯ ಮುದುಕಿಗೆ
ವಾರಕ್ಕೆರಡು ಸಲ ಇಂಜೆಕ್ಷನ್ ಕೊಡಲು ಹೋಗುತ್ತೇನೆ.
ಬಾಲ್ಕನಿಯ ಆಚೆ ಬರೀ ಗಾಳಿ.
ಆ ಎತ್ತರದಲ್ಲೇ ಎಲ್ಲೋ
ಹಗ್ಗಕ್ಕೆ ನೇತಾಡುತ್ತ ಅವನು ತೂತು ಕೊರೆಯುತ್ತಿದ್ದ.
ಇದನ್ನು ಅವನಿಗೆ ಈವರೆಗೆ ಹೇಳಿಲ್ಲ.

"ನಾವೂ ಗುಡ್ಡ ಕೊರದ್ವಿ," ಅಂದ,
ನನಗೋ ಸ್ತೂಪಕ್ಕೋ.
"ಕೂಡಾಕ ಇಷ್ಟು ನೆಳ್ಳು ಉಳಿಸಲಿಲ್ಲ ನೋಡು."

ವಾಪಸು ರಿಕ್ಷಾದಲ್ಲಿ
ಅವನ ಬಲಗಿವಿಯ ಮೇಲೆ ಬೂದುಬಣ್ಣದ ಪುಡಿ.
ಒರೆಸಹೋದವಳು ಯಾಕೋ ಬಿಟ್ಟೆ.
ಗುಂಡಿಯೊಂದಕ್ಕೆ ಗಾಡಿ ಎಗರಿತು,
ಇಬ್ಬರ ತಲೆಯೂ ಸರಳಿಗೆ ಬಡಿಯಿತು.

ಅಪ್ಪ ಹೊರಗೆ ಬಗ್ಗಿ ರಸ್ತೆ ನೋಡಿದ,
"ಇದು ನಮ್ಮ ಖಡಿ ಅಲ್ಲ ಬಿಡು.
ನಮ್ಮದಾಗಿದ್ರ ಹಿಂಗ ಕಿತ್ತು ಬರ್ತಿದ್ದಿಲ್ಲ."