ಅರದ ಗೆರೆ

ಹೆಸರಿಲ್ಲ. ಹಿಡಿಯ ಕೆಳಗೆ ನಲವತ್ತೊಂದು ಎಂಬ ಅಂಕಿ,
ಪಕ್ಕದಲ್ಲಿ ಯಾರೋ ಉಜ್ಜಿ ಅಳಿಸಿದ ಒಂದಕ್ಷರ.
ಲೈಪ್‌ಜಿಗ್‌ನ ಹಳೆ ಸಾಮಾನಿನ ಸಂತೆಯಲ್ಲಿ
ಕಾಫಿ ಬೀಸುವ ಯಂತ್ರಗಳ ನಡುವೆ ಸಿಕ್ಕ ಗಾಳಿ ಪಿಸ್ತೂಲು.
ಮದ್ದಿನ ವಾಸನೆ ಅರಿಯದ್ದು,
ಉಸಿರು ಕಟ್ಟಿ ಬಿಡುವುದಷ್ಟೇ ಗೊತ್ತು.

ಮೂರು ಚಳಿಗಾಲ ಹುಡುಕಿದೆ.
ಹಳೆಯ ಬೆಲೆಪಟ್ಟಿಗಳಲ್ಲಿ ಇದರ ದಾಯಾದಿಗಳಿದ್ದರು,
ಇದಿರಲಿಲ್ಲ.
ಸ್ಪ್ರಿಂಗಿನ ಸುತ್ತು ಎಣಿಸಿದೆ, ಸ್ಕ್ರೂವಿನ ಹಲ್ಲು ಅಳೆದೆ.
ಬಲ್ಲವರು ಬರೆದರು: ಅವನು ಸುಲ್ ಊರಿನವನಿರಬೇಕು,
ಅವನು ಬಹುಶಃ ಗಡಿಯಾರದ ಕೆಲಸದವ.

ಕೊನೆಗೆ ಜೆಲ್ಲಾ-ಮೇಲಿಸ್. ಇಳಿಜಾರು ಬೀದಿ, ಮೂರನೇ ಮಹಡಿ,
ತೊಂಬತ್ತೊಂದರ ಗೆರ್ಲಿಂಡೆ ಕ್ಯೂನ್‌ಹೋಲ್ಡ್.
ಕನ್ನಡಕ ಕೇಳಲಿಲ್ಲ.
ಹೆಬ್ಬೆರಳ ಉಗುರನ್ನು ಉಕ್ಕಿನ ಮೇಲೆ ಮೆಲ್ಲಗೆ ಎಳೆದಳು
ಬೇಳೆಯಲ್ಲಿ ಕಲ್ಲು ಹುಡುಕುವ ಹಾಗೆ.

"ಗೆರೆ ಯಾವ ಕಡೆ ವಾಲಿದೆ ನೋಡು.
ಎಡಗೈಯವರ ಅರ ಹೀಗೆ ಓಡುತ್ತದೆ.
ನಮ್ಮ ಸಾಲಿನಲ್ಲಿ ಎಡಚಿ ಒಬ್ಬಳೇ, ಅಡೆಲ್‌ಹೈಡ್.
ಗಂಡ ಯುದ್ಧದಿಂದ ಬಾರದಾಗ ಅವನ ಬೆಂಚಿಗೆ ಬಂದವಳು.
ಆಗ ಬಂದೂಕು ಮಾಡುವಂತಿರಲಿಲ್ಲ.
ಊಟದ ಬಿಡುವಿನಲ್ಲಿ ಏನೋ ಉಜ್ಜುತ್ತಿದ್ದಳು,
ಕೇಳಿದರೆ ಬಾಗಿಲ ಚಿಲಕ ಅನ್ನುತ್ತಿದ್ದಳು."

ಆಮೇಲೆ ಚಹಾ ಕೊಟ್ಟಳು. ಮಂಡಿನೋವಿನ ಮಾತು ಬಂತು.

ಮನೆಗೆ ಬಂದು ಟಿಪ್ಪಣಿ ತೆರೆದರೆ
ಪುಟಪುಟದಲ್ಲೂ ಅವನು, ಅವನು.
ತಿದ್ದಬೇಕಾದದ್ದು ಒಂದೊಂದೇ ಅಕ್ಷರ;
ಪೆನ್ಸಿಲು ಎರಡು ಸಲ ಮೊಂಡಾಯಿತು.
ಹಿಡಿಯ ಕೆಳಗೆ ಅಳಿಸಿದ್ದು ಮಾತ್ರ
ಅವಳದೇ ಎನ್ನಲು ಧೈರ್ಯ ಸಾಲದು.

ಖಾಲಿ ಹೊಡೆಯಬಾರದು, ಗೊತ್ತು.
ಹೊಡೆದೆ:
ಬೆಂಚಿನ ಮೇಲಿನ ಉಕ್ಕಿನ ಪುಡಿಯನ್ನು
ಯಾರೋ ಒಮ್ಮೆ ಊದಿದ ಸದ್ದು.